ಓಡಿದವನ ರನ್ನೋ, ಓಡಿಸಿದವನ ರನ್ನೋ?

ಪ್ರಶ್ನೆ: ನಾವು ಅಟ್ಲಾಂಟಾಕ್ಕೆ ಬಂದು ಏಳು ವರ್ಷವಾಯಿತು. ಕ್ರಿಕೆಟ್ ನೋಡಿ ಬೆಳೆದ ನನಗೆ ಬೇಸ್‌ಬಾಲಿನ ರುಚಿ ಹತ್ತಿಸಿದವಳು ಹನ್ನೆರಡು ವರ್ಷದ ಮಗಳು. 2023ರ ಅಟ್ಲಾಂಟಾ ಬ್ರೇವ್ಸ್ ತಂಡದ ವಿಷಯದಲ್ಲಿ ನಮ್ಮಿಬ್ಬರ ಜಗಳ ಇನ್ನೂ ಮುಗಿದಿಲ್ಲ. ಆ ವರ್ಷ ರನ್ ಪಟ್ಟಿಯಲ್ಲಿ ಮೊದಲಿಗ ರೊನಾಲ್ಡ್ ಅಕುನ್ಯಾ, 149. ಆರ್‌ಬಿಐ, ಅಂದರೆ ಬ್ಯಾಟಿಗ ತನ್ನ ಆಟದಿಂದ ತಂಡಕ್ಕೆ ತಂದ ರನ್ನುಗಳ ಪಟ್ಟಿಯಲ್ಲಿ ಮೊದಲಿಗ ಅದೇ ತಂಡದ ಮ್ಯಾಟ್ ಓಲ್ಸನ್, 139. ನಾನು ಓಲ್ಸನ್ ಪಕ್ಷ. ಮಗಳು ಅಕುನ್ಯಾ ಪಕ್ಷ. 149 ದೊಡ್ಡದೋ 139 ದೊಡ್ಡದೋ ಎಂದು ನನ್ನ ಬಾಯಿ ಮುಚ್ಚಿಸುತ್ತಾಳೆ. ಎರಡನ್ನೂ ಕೂಡಿಸಿದರೆ ನಿಜ ಗೊತ್ತಾಗುವುದಿಲ್ಲವೆ? ಇನ್ನೊಂದು ಪ್ರಶ್ನೆ ಅವಳದೇ. ಸಾಫ್ಟ್‌ಬಾಲ್ ಪಂದ್ಯವೊಂದರಲ್ಲಿ ಮೂರೂ ಬೇಸ್ ತುಂಬಿದ್ದಾಗ ಅವಳು ಬ್ಯಾಟ್ ಬೀಸದೆ ವಾಕ್ (ನಾಲ್ಕು ಕೆಟ್ಟ ಚೆಂಡಿಗೆ ಸಿಗುವ ಪುಕ್ಕಟೆ ಮೊದಲ ಬೇಸ್) ಪಡೆದಳು, ಆರ್‌ಬಿಐ ಕೊಟ್ಟರು. ಮುಂದಿನ ಸರದಿಯಲ್ಲಿ ಜೋರಾಗಿ ಹೊಡೆದಳು, ಫೀಲ್ಡರ್ ಚೆಂಡು ಕೈಬಿಟ್ಟಳು, ಮೂರನೆಯ ಬೇಸ್‌ನಿಂದ ಗೆಳತಿ ಮನೆ (ಹೋಮ್ ಪ್ಲೇಟ್) ಮುಟ್ಟಿದಳು, ಆರ್‌ಬಿಐ ಕೊಡಲಿಲ್ಲ. ಇದು ಯಾವ ನ್ಯಾಯ?

ಉತ್ತರ: ಮಗಳು ಗೆಲ್ಲುತ್ತಾಳೆ, ಆದರೆ ಅವಳು ಕೊಡುವ ಕಾರಣ ನಿಲ್ಲುವುದಿಲ್ಲ. 149 ಮತ್ತು 139 ಒಂದೇ ತಕ್ಕಡಿಯಲ್ಲಿ ತೂಗಿದ ಸಾಮಾನಲ್ಲ.

ಕ್ರಿಕೆಟ್ ಕಣ್ಣು ಎಡವುವುದು ಇಲ್ಲಿಯೇ. ಕ್ರಿಕೆಟ್‌ನಲ್ಲಿ ಹೊಡೆದವನೇ ರನ್ನಿನ ಒಡೆಯ. ಇನ್ನೊಂದು ತುದಿಯಲ್ಲಿರುವವನು ಅಷ್ಟೇ ದೂರ ಓಡಿದರೂ ಅವನ ಖಾತೆಗೆ ಏನೂ ಬೀಳುವುದಿಲ್ಲ. ಬೇಸ್‌ಬಾಲಿನಲ್ಲಿ ರನ್ ಬರೆಯುವುದು ಮೂರು ಬೇಸ್ ಸುತ್ತಿ ಹೋಮ್ ಪ್ಲೇಟ್ ಮುಟ್ಟಿದವನ ಹೆಸರಿಗೆ. ಅವನನ್ನು ಮುಟ್ಟಿಸಿದ ಬ್ಯಾಟಿಗನಿಗೆ ಬೇರೆಯೇ ಒಂದು ಕಲಮು, ಅದೇ ಆರ್‌ಬಿಐ. ಚೌಕಾಬಾರ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಯಿ ಮನೆಯಿಂದ ಮನೆಗೆ ನಡೆದು ಕೊನೆಗೆ ಹಣ್ಣಾಗುತ್ತದೆ. ಗೆರೆ ಹಾಕಿದ ಮನೆಯಲ್ಲಿ ಕೂತಿರುವಷ್ಟು ಹೊತ್ತು ಭಯವಿಲ್ಲ, ಹೊರಗೆ ಸಿಕ್ಕಿಬಿದ್ದರೆ ಕಥೆ ಮುಗಿಯಿತು. ಬೇಸ್‌ಬಾಲಿನಲ್ಲಿ ವಿಶೇಷವೆಂದರೆ ಗರ ಹಾಕುವವನು ಒಬ್ಬ, ಕಾಯಿ ಇನ್ನೊಬ್ಬ. ಹಣ್ಣಾದ ಕಾಯಿಗೆ ರನ್, ಗರ ಹಾಕಿದವನಿಗೆ ಆರ್‌ಬಿಐ. ಒಂದೇ ರನ್, ಎರಡು ಪುಸ್ತಕಗಳಲ್ಲಿ ಜಮಾ.

ಈ ಲೆಕ್ಕದ ಹಿಂದೆಯೂ ಒಬ್ಬ ಕ್ರಿಕೆಟ್ ಮನುಷ್ಯನಿದ್ದಾನೆ ಎನ್ನುವುದು ನನಗೆ ಪ್ರಿಯವಾದ ಸಂಗತಿ. ಇಂಗ್ಲೆಂಡಿನ ಎಕ್ಸಿಟರ್‌ನಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಕ್ರಿಕೆಟ್ ವರದಿ ಬರೆಯುತ್ತಿದ್ದ ಹೆನ್ರಿ ಚಾಡ್ವಿಕ್, ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಬೇಸ್‌ಬಾಲಿಗೆ ಮನಸೋತು, ಪಂದ್ಯವನ್ನು ಪತ್ರಿಕೆಯ ಅಂಗೈಯಗಲ ಜಾಗದಲ್ಲಿ ಅಂಕಿಗಳಾಗಿ ಮುದ್ರಿಸುವ ಬಾಕ್ಸ್ ಸ್ಕೋರ್ ಪದ್ಧತಿಯನ್ನು ಬೆಳೆಸಿದ. ಆರ್‌ಬಿಐಗೆ ಅಧಿಕೃತ ಮುದ್ರೆ ಬಿದ್ದದ್ದು ಬಹಳ ತಡವಾಗಿ, 1920ರಲ್ಲಿ. ಬಂದದ್ದು ತಡವಾದರೂ ಅದರ ಗತ್ತು ದೊಡ್ಡದಾಯಿತು. ಒಂದು ಋತುವಿನ ಆರ್‌ಬಿಐ ದಾಖಲೆ 1930ರ ಹ್ಯಾಕ್ ವಿಲ್ಸನ್‌ದು, ಶಿಕಾಗೊ ಕಬ್ಸ್ ತಂಡದವನು. ದಶಕಗಳ ಕಾಲ ಪುಸ್ತಕಗಳಲ್ಲಿ 190 ಎಂದಿತ್ತು. ಹಳೆಯ ಸ್ಕೋರ್ ಹಾಳೆಗಳನ್ನು ಕೆದಕಿದವರು, ಜೊತೆಯಾಟಗಾರ ಚಾರ್ಲಿ ಗ್ರಿಮ್ ಹೆಸರಿಗೆ ಹೋಗಿದ್ದ ಒಂದು ನಿಜವಾಗಿ ವಿಲ್ಸನ್‌ಗೆ ಸೇರಬೇಕಾದದ್ದು ಎಂದು ತೋರಿಸಿಕೊಟ್ಟರು. 1999ರಲ್ಲಿ ಅದು 191 ಆಯಿತು. ವಿಲ್ಸನ್ ಸತ್ತದ್ದು 1948ರಲ್ಲಿ. ಸತ್ತು ಐವತ್ತೊಂದು ವರ್ಷವಾದ ಮೇಲೆ ಅವನ ಖಾತೆಗೆ ಒಂದು ಆರ್‌ಬಿಐ ಬಂತು. ನಮ್ಮ ಪಹಣಿ ತಿದ್ದುಪಡಿಗಳೂ ಇಷ್ಟು ನಿಧಾನವಿರಲಾರವು.

ಈಗ ನಿಮ್ಮ ಊರಿನ ಮೈದಾನಕ್ಕೇ ಬರುತ್ತೇನೆ. 2023ರ ಸೆಪ್ಟೆಂಬರ್ 27ರ ರಾತ್ರಿ ಬ್ರೇವ್ಸ್ ಮತ್ತು ಕಬ್ಸ್ ನಡುವಿನ ಪಂದ್ಯ ಹತ್ತನೆಯ ಇನ್ನಿಂಗ್ಸ್‌ಗೆ ಹೋಗಿತ್ತು. ಬ್ರೇವ್ಸ್ ಒಂದು ರನ್ ಹಿಂದಿತ್ತು. ಅಕುನ್ಯಾ ಒಂದು ಸಿಂಗಲ್, ಅಂದರೆ ಮೊದಲನೆಯ ಬೇಸ್ ಮುಟ್ಟಿಸುವ ಹೊಡೆತ, ಹೊಡೆದ. ಸಮಬಲದ ರನ್ ಮನೆ ಸೇರಿತು. ಅವನಿಗೆ ಒಂದು ಆರ್‌ಬಿಐ. ಕೂಡಲೇ ಎರಡನೆಯ ಬೇಸ್ ಕದ್ದ, ಅಂದರೆ ಯಾರೂ ಹೊಡೆಯದೆಯೇ ಓಡಿ ಮುಟ್ಟಿದ. ಅದು ಆ ವರ್ಷದ ಎಪ್ಪತ್ತನೆಯ ಕಳವು. ಒಂದೇ ಋತುವಿನಲ್ಲಿ ನಲವತ್ತು ಹೋಮ್ ರನ್, ಎಪ್ಪತ್ತು ಕಳವು ಯಾರೂ ಅಲ್ಲಿಯವರೆಗೆ ಮಾಡಿರಲಿಲ್ಲ. ಅಕುನ್ಯಾ ಆ ಬೇಸನ್ನೇ ನೆಲದಿಂದ ಕಿತ್ತು ತಲೆಯ ಮೇಲೆತ್ತಿ ಹಿಡಿದ. ಬೇಸನ್ನು ಮತ್ತೆ ನೆಟ್ಟು ಆಟ ಮುಂದುವರಿಸಿದ ಮೇಲೆ ಓಜಿ ಆಲ್ಬೀಸ್ ಸಿಂಗಲ್ ಹೊಡೆದ, ಅಕುನ್ಯಾ ಮನೆ ಮುಟ್ಟಿದ, ಬ್ರೇವ್ಸ್ 6-5ರಲ್ಲಿ ಗೆದ್ದಿತು.

ಈ ಗೆಲುವಿನ ರನ್ ಯಾರದು? ಪುಸ್ತಕ ಹೇಳುವುದು ಇಷ್ಟು: ರನ್ ಅಕುನ್ಯಾದು, ಆರ್‌ಬಿಐ ಆಲ್ಬೀಸ್‌ದು. ಒಂದು ಬೇಸ್ ಕದ್ದದ್ದರಿಂದಲೇ ಸಿಂಗಲ್‌ಗೆ ಮನೆ ಸೇರುವ ದಾರಿ ತೆರೆಯಿತು ಎನ್ನುವುದಕ್ಕೆ ಎರಡೂ ಕಲಮುಗಳಲ್ಲಿ ಜಾಗವಿಲ್ಲ. ಮೊದಲನೆಯ ಬೇಸ್‌ನಲ್ಲೇ ಇದ್ದಿದ್ದರೆ ಅದೇ ಸಿಂಗಲ್‌ಗೆ ಅಕುನ್ಯಾ ಎರಡನೆಯದರಲ್ಲೋ ಮೂರನೆಯದರಲ್ಲೋ ನಿಲ್ಲಬೇಕಿತ್ತು. ಆಲ್ಬೀಸ್ ಹೊಡೆತ ಅದೇ, ಆರ್‌ಬಿಐ ಮಾತ್ರ ಇಲ್ಲ. ಇನ್ನೂ ತಮಾಷೆಯೆಂದರೆ, ಈಗಿನ ನಿಯಮದಂತೆ ಲೀಗ್ ಹಂತದ ಪಂದ್ಯಗಳಲ್ಲಿ ಪ್ರತಿ ಹೆಚ್ಚುವರಿ ಇನ್ನಿಂಗ್ಸ್ ಶುರುವಾಗುವಾಗ ಒಬ್ಬ ಓಟಗಾರನನ್ನು ಪುಕ್ಕಟೆಯಾಗಿ ಎರಡನೆಯ ಬೇಸ್‌ನಲ್ಲಿ ನಿಲ್ಲಿಸುತ್ತಾರೆ. ಅವನು ಮನೆ ಸೇರಿದರೆ ಅವನ ಹೆಸರಿಗೂ ಒಂದು ರನ್. ಹಸಿಯದೆಯೂ ಉಣ್ಣುವ ಯೋಗ ಅಂದರೆ ಇದು.

ಕೂಡಿಸುವ ಉಪಾಯ ನಿಮಗೆ ಮೊದಲು ಹೊಳೆದದ್ದಲ್ಲ. ರನ್ ಮತ್ತು ಆರ್‌ಬಿಐ ಕೂಡಿಸಿ, ಹೋಮ್ ರನ್‌ಗಳನ್ನು ಕಳೆಯುವ ಹಳೆಯ ಸೂತ್ರವೊಂದಿದೆ. ಕಳೆಯುವುದೇಕೆಂದರೆ ಹೋಮ್ ರನ್ ಹೊಡೆದವನು ತನ್ನನ್ನು ತಾನೇ ಮನೆಗೆ ಕರೆತರುತ್ತಾನೆ; ಅದೇ ರನ್ ಅವನ ಎರಡೂ ಕಲಮಿನಲ್ಲಿ ಬಿದ್ದಿರುತ್ತದೆ. 2023ರ ಅಂಕಿಗಳನ್ನು ಹಾಕಿ ನೋಡಿ. ಅಕುನ್ಯಾ: 149 ರನ್, 106 ಆರ್‌ಬಿಐ, 41 ಹೋಮ್ ರನ್, ಬಂದದ್ದು 214. ಓಲ್ಸನ್: 127, 139, 54, ಬಂದದ್ದು 212. ಎರಡೇ ಎರಡು ವ್ಯತ್ಯಾಸ! ಬ್ರೇವ್ಸ್ ಆಡುವ ನ್ಯಾಷನಲ್ ಲೀಗಿನಲ್ಲಿ ಅವರ ಬೆನ್ನಿಗಿದ್ದ ಲಾಸ್ ಏಂಜಲಿಸ್ ಡಾಡ್ಜರ್ಸ್‌ನ ಫ್ರೆಡ್ಡಿ ಫ್ರೀಮನ್‌ಗೆ 131, 102, 29, ಅಂದರೆ 204.

ನನಗೆ ಒಟ್ಟು ಮೊತ್ತಕ್ಕಿಂತ ಅದನ್ನು ಬಿಚ್ಚಿದಾಗ ಕಾಣುವುದು ಹೆಚ್ಚು ಹಿಡಿಸುತ್ತದೆ. ಅಕುನ್ಯಾದ 214ರಲ್ಲಿ 41 ಸ್ವಂತ ಹೋಮ್ ರನ್. 65 ಸಲ ಬೇರೆಯವರನ್ನು ಮನೆ ಸೇರಿಸಿದ. 108 ಸಲ ಬೇರೆಯವರ ಆಟದಿಂದಲೋ ಎದುರಾಳಿಯ ಎಡವಟ್ಟಿನಿಂದಲೋ ತಾನು ಮನೆ ಸೇರಿದ. ಓಲ್ಸನ್‌ನ 212ರಲ್ಲಿ 54 ಸ್ವಂತದ್ದು, 85 ಬೇರೆಯವರನ್ನು ಸೇರಿಸಿದ್ದು, 73 ತಾನು ಸೇರಿದ್ದು. ಒಬ್ಬ ಹೆಚ್ಚಾಗಿ ಕಾಯಿ, ಇನ್ನೊಬ್ಬ ಹೆಚ್ಚಾಗಿ ಗರ. ಇಬ್ಬರೂ ಒಬ್ಬರಿಗೊಬ್ಬರು ಒದಗಿದವರು. ಆ ವರ್ಷ ಬ್ರೇವ್ಸ್ ಒಟ್ಟು 947 ರನ್ ಮಾಡಿತು, ಬೇರೆ ಯಾವ ತಂಡವೂ ಅಷ್ಟು ಮಾಡಲಿಲ್ಲ.

ಆದರೆ ಸೂತ್ರದಲ್ಲೊಂದು ಕೊಂಕಿದೆ. ಸಿಂಗಲ್ ಹೊಡೆದು ಗೆಳೆಯನನ್ನು ಮನೆ ಸೇರಿಸಿದರೆ ಇಬ್ಬರಿಗೂ ಪೂರ್ತಿ ಒಂದೊಂದು ಅಂಕ. ಯಾರ ಹಂಗೂ ಇಲ್ಲದೆ ಒಂಟಿ ಹೋಮ್ ರನ್ ಹೊಡೆದವನಿಗೂ ಒಂದೇ ಅಂಕ. ಪಾಲುದಾರಿಕೆಯ ಅಂಗಡಿಯಲ್ಲಿ ಇಬ್ಬರು ಪಾಲುದಾರರೂ ಇಡೀ ಲಾಭ ತನ್ನದೆಂದು ಬರೆದುಕೊಂಡ ಹಾಗೆ. ಬದಲಿಗೆ ಓಡಿದವನಿಗೆ ಅರ್ಧ, ಓಡಿಸಿದವನಿಗೆ ಅರ್ಧ ಎಂದು ಹಂಚಿದರೆ ಹೋಮ್ ರನ್ ಹೊಡೆದವನಿಗೆ ಎರಡರ್ಧ ಸೇರಿ ಪೂರ್ತಿ ಸಿಗುತ್ತದೆ, ಲೆಕ್ಕ ಸರಿಹೋಗುತ್ತದೆ. ಆಗ ಅಕುನ್ಯಾಗೆ 127.5, ಓಲ್ಸನ್‌ಗೆ 133. ಮಗಳಿಗೆ ಈಗಲೇ ಹೇಳಬೇಡಿ: ನಿಮ್ಮ ಓಲ್ಸನ್ ಮುಂದಾದ! ಗುಮಾಸ್ತ ಬದಲಾದರೆ ಮೊದಲಿಗನೂ ಬದಲಾಗುತ್ತಾನೆ ಎಂದಾದರೆ ಆ ಪಟ್ಟಿಯನ್ನು ನಂಬಿ ಪಂದ್ಯ ಕಟ್ಟುವುದು ಹೇಗೆ?

ದೊಡ್ಡ ತೊಡಕು ಇನ್ನೊಂದಿದೆ. ಆರ್‌ಬಿಐ ಅರ್ಧ ಬ್ಯಾಟಿನದು, ಅರ್ಧ ಸರದಿಯದು. ನಿಮಗಿಂತ ಮೊದಲು ಆಡಿದವರು ಬೇಸ್‌ಗಳಲ್ಲಿ ನಿಂತಿದ್ದರೆ ನಿಮಗೆ ಕೊಯ್ಲು. ಇಲ್ಲದಿದ್ದರೆ ಎಷ್ಟು ಚೂಪು ಕುಡುಗೋಲಿದ್ದರೂ ಬರಿ ಹೊಲ. 1990ರಲ್ಲಿ ಸ್ಯಾನ್ ಡಿಯಾಗೊ ಪಾಡ್ರೆಸ್‌ನ ಜೋ ಕಾರ್ಟರ್ ಸರಾಸರಿ (ಹೊಡೆದು ಬೇಸ್ ಸೇರಿದ ಪ್ರಮಾಣ) ಬರಿಯ .232. ವಾಕ್ ಸೇರಿಸಿದರೂ ಸಾವಿರ ಸರದಿಯಲ್ಲಿ 290 ಸಲ ಮಾತ್ರ ಬೇಸ್ ತಲುಪುವ ಪ್ರಮಾಣ, ಅಂದರೆ ಕಳಪೆ. ಆದರೂ ಆರ್‌ಬಿಐ 115. ಟೋನಿ ಗ್ವಿನ್, ಬಿಪ್ ರಾಬರ್ಟ್ಸ್ ಥರದವರು ಅವನ ಮುಂದೆ ಬೇಸ್ ತುಂಬಿಸುತ್ತಿದ್ದರು. ಇದರ ಪಕ್ಕದಲ್ಲಿ 2004ರ ಬ್ಯಾರಿ ಬಾಂಡ್ಸ್‌ನನ್ನು ಇಡಿ. ಎದುರಾಳಿಗಳು ಅವನಿಗೆ ಚೆಂಡು ಹಾಕಲೇ ಹೆದರಿ 232 ವಾಕ್ ಕೊಟ್ಟರು. ಅದರಲ್ಲಿ 120 ಬೇಕೆಂದೇ ಕೊಟ್ಟದ್ದು. ಸಾವಿರದಲ್ಲಿ 609 ಸಲ ಬೇಸ್ ತಲುಪುವ ಪ್ರಮಾಣ. ಅಂಥದ್ದನ್ನು ಆಟ ಹಿಂದೆಂದೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಅವನ ಆರ್‌ಬಿಐ ಎಷ್ಟು? 101. ಆರ್‌ಬಿಐ ಪಟ್ಟಿಯನ್ನಷ್ಟೇ ನೋಡುವವನಿಗೆ 1990ರ ಕಾರ್ಟರ್ 2004ರ ಬಾಂಡ್ಸ್‌ಗಿಂತ ದೊಡ್ಡ ಆಟಗಾರ. (ಬಾಂಡ್ಸ್ ಸುತ್ತಲಿನ ಉದ್ದೀಪನ ಮದ್ದಿನ ವಿವಾದ ನನಗೆ ಗೊತ್ತಿಲ್ಲದ್ದಲ್ಲ, ಅದು ಬೇರೆ ಜಗಳ.)

ಒಂಬತ್ತು ಬ್ಯಾಟಿಗರು ಸರದಿಯಂತೆ ಸುತ್ತಿ ಸುತ್ತಿ ಬರುತ್ತಾರೆ; ಅಕುನ್ಯಾ ಆಡಿದ್ದು ಮೊದಲ ಸರದಿಯಲ್ಲಿ. ದಿನದ ಮೊದಲ ಚೆಂಡು ಎದುರಿಸುವಾಗ ಬೇಸ್‌ಗಳೆಲ್ಲ ಖಾಲಿ. ಆ ಸರದಿಯಲ್ಲಿ ತಾನೇ ಹೋಮ್ ರನ್ ಹೊಡೆದರೆ ಮಾತ್ರ ಆರ್‌ಬಿಐ. ಆಮೇಲಿನ ಸರದಿಗಳಲ್ಲೂ ಅವನಿಗಿಂತ ಮೊದಲು ಬರುವವರು ತಂಡದ ಬಾಲ. ಹಾಗಿದ್ದೂ 106 ಹೇಗಾಯಿತು ಎಂದರೆ, ಆ ಬಾಲದಲ್ಲೂ ಕಚ್ಚುವ ಹಲ್ಲಿತ್ತು. ನ್ಯಾಷನಲ್ ಲೀಗಿನಲ್ಲಿ 2022ರಿಂದ ಚೆಂಡೆಸೆಯುವ ಪಿಚರ್ ಬ್ಯಾಟ್ ಹಿಡಿಯುವುದು ನಿಂತಿದೆ, ಒಂಬತ್ತನೆಯ ಜಾಗ ಪುಕ್ಕಟೆ ಔಟ್ ಆಗಿ ಉಳಿದಿಲ್ಲ. ಬ್ರೇವ್ಸ್‌ನಲ್ಲಿ ಎಷ್ಟೋ ದಿನ ಆ ಜಾಗದಲ್ಲಿ ನಿಂತವನು .293 ಸರಾಸರಿಯ ಮೈಕೆಲ್ ಹ್ಯಾರಿಸ್. ಅವನು ಬೇಸ್ ಸೇರುವುದು, ಅಕುನ್ಯಾ ಬ್ಯಾಟ್ ಹಿಡಿದು ಬರುವುದು.

ಒಂದೇ ತಂಡದಲ್ಲಿ ಹೀಗೆ ಜೋಡಿ ಮೊದಲಿಗರು ಬಂದಾಗ ಹಳಬರಿಗೆ ನೆನಪಾಗುವುದು 1985ರ ನ್ಯೂಯಾರ್ಕ್ ಯಾಂಕೀಸ್. ಮೊದಲ ಸರದಿಯ ರಿಕಿ ಹೆಂಡರ್ಸನ್ 143 ಪಂದ್ಯಗಳಲ್ಲಿ 146 ರನ್, 80 ಕಳವು. ಪಂದ್ಯಕ್ಕೊಂದಕ್ಕಿಂತ ಹೆಚ್ಚು ರನ್. ಅವನ ಹಿಂದೆ ಡಾನ್ ಮ್ಯಾಟಿಂಗ್ಲಿ, 145 ಆರ್‌ಬಿಐ. ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಮ್ಯಾಟಿಂಗ್ಲಿಗೆ ಹೋಯಿತು. ಹೆಂಡರ್ಸನ್‌ಗೆ ಎರಡನೆಯ ಸ್ಥಾನವೂ ಇಲ್ಲ; ಅದು ಕ್ಯಾನ್ಸಸ್ ಸಿಟಿಯ ಜಾರ್ಜ್ ಬ್ರೆಟ್‌ದು. ಆ ಕಾಲದ ಪತ್ರಕರ್ತರು ಗರ ಹಾಕಿದವನಿಗೆ ಹಾರ ಹಾಕಿದರು. ಮ್ಯಾಟಿಂಗ್ಲಿ ಅಂದು ಆಡಿದ್ದು ಸಾಮಾನ್ಯ ಆಟವಲ್ಲ, .324 ಸರಾಸರಿ, 48 ಡಬಲ್, 35 ಹೋಮ್ ರನ್. ಆದರೂ ಎರಡನೆಯ ಬೇಸ್‌ನಲ್ಲಿ ಕಾಲು ಕೆರೆಯುತ್ತ ನಿಂತ ಹೆಂಡರ್ಸನ್ ಇಲ್ಲದಿದ್ದರೆ ಅವೇ ಹೊಡೆತಗಳಿಗೆ 145 ಸಿಗುತ್ತಿತ್ತೆ? ನನ್ನ ಮತ ಹೆಂಡರ್ಸನ್‌ಗೆ. ಸೆಂಟರ್ ಫೀಲ್ಡ್ ಕಾಯುವ ಕೆಲಸವೂ ಅವನದೇ ಆಗಿತ್ತು ಎನ್ನುವುದನ್ನು ಸೇರಿಸಿಯೇ ಹೇಳುತ್ತಿದ್ದೇನೆ.

ಹಾಗಾದರೆ ಅಳೆಯುವುದು ಹೇಗೆ? ಪಕ್ಕದವನ ಭಾಗ್ಯವನ್ನು ಪಕ್ಕಕ್ಕಿಟ್ಟು, ಆಟಗಾರ ತನ್ನ ಕೈಯಾರೆ ಮಾಡಿದ್ದನ್ನು ಮಾತ್ರ ಎಣಿಸುವುದು. ಇದಕ್ಕೆ ಆಧಾರ ಇನ್ನಿಂಗ್ಸ್‌ನ ಸ್ವಭಾವವೇ. ಔಟ್ ಇಲ್ಲ, ಬೇಸ್ ಖಾಲಿ ಎನ್ನುವ ಸ್ಥಿತಿಯಿಂದ ಇನ್ನಿಂಗ್ಸ್ ಮುಗಿಯುವಷ್ಟರಲ್ಲಿ ಒಂದು ತಂಡ ಸರಾಸರಿ ಅರ್ಧ ರನ್ ಮಾಡುತ್ತದೆ. ಔಟ್ ಇಲ್ಲದೆ ಮೂರೂ ಬೇಸ್ ತುಂಬಿದ್ದರೆ ಎರಡಕ್ಕಿಂತ ತುಸು ಹೆಚ್ಚು. ಇಂಥ ಪ್ರತಿಯೊಂದು ಸ್ಥಿತಿಗೂ ಬೆಲೆ ಕಟ್ಟಿದರೆ ಪ್ರತಿ ಹೊಡೆತಕ್ಕೂ ಬೆಲೆ ಬರುತ್ತದೆ: ವಾಕ್‌ಗೆ ಹೆಚ್ಚುಕಡಿಮೆ 0.3 ರನ್, ಸಿಂಗಲ್‌ಗೆ ಅರ್ಧಕ್ಕಿಂತ ತುಸು ಕಡಿಮೆ, ಹೋಮ್ ರನ್‌ಗೆ ಸುಮಾರು 1.4. ಹೋಮ್ ರನ್ನಿನ ಬೆಲೆ ನಾಲ್ಕಲ್ಲ, ಒಂದೂ ಅಲ್ಲ ಎನ್ನುವುದನ್ನು ಗಮನಿಸಿ. ಬೇಸ್‌ನಲ್ಲಿ ಎಷ್ಟು ಜನರಿದ್ದರು ಎನ್ನುವುದು ಹೊಡೆದವನ ಪುಣ್ಯವಲ್ಲವಾದ್ದರಿಂದ ಸರಾಸರಿ ಹಿಡಿದಿದೆ. ಔಟ್ ಆದರೆ ಈ ಬೆಲೆ ಕೆಳಗಿಳಿಯುತ್ತದೆ. ಇನ್ನಿಂಗ್ಸ್‌ಗೆ ಇರುವುದು ಮೂರೇ ಔಟ್. ಆ ಮೂರು ಬಿಟ್ಟರೆ ಬ್ಯಾಟಿಂಗ್ ತಂಡದ ಬಳಿ ಬೇರೆ ಬಂಡವಾಳವಿಲ್ಲ. ಓವರ್‌ಗಳ ಮಿತಿಯಲ್ಲಿ ಬೆಳೆದ ನಮಗೆ ಇದು ತಲೆಗೆ ಹೋಗಲು ಸ್ವಲ್ಪ ಕಾಲ ಬೇಕಾಗುತ್ತದೆ, ನನಗಂತೂ ಬೇಕಾಯಿತು.

ಮನೆಯಲ್ಲೇ ಮಾಡಬಹುದಾದ ಲೆಕ್ಕ ಬೇಕೆಂದರೆ ಬೇಸ್‌ಬಾಲ್ ಅಂಕಿಅಂಶಗಳ ಬರಹಗಾರ ಬಿಲ್ ಜೇಮ್ಸ್ 1970ರ ದಶಕದಲ್ಲಿ ರೂಪಿಸಿದ ಸರಳ ಸೂತ್ರವಿದೆ. ಹಿಟ್ (ಹೊಡೆದು ಬೇಸ್ ಸೇರಿದ್ದು) ಮತ್ತು ವಾಕ್ ಕೂಡಿಸಿ. ಅದನ್ನು ಒಟ್ಟು ಬೇಸ್‌ಗಳಿಂದ (ಸಿಂಗಲ್‌ಗೆ ಒಂದು, ಡಬಲ್‌ಗೆ ಎರಡು, ಹೀಗೆ ಹೋಮ್ ರನ್‌ಗೆ ನಾಲ್ಕು) ಗುಣಿಸಿ. ಅಟ್ ಬ್ಯಾಟ್ (ವಾಕ್ ಮುಂತಾದವು ಬಿಟ್ಟು ಉಳಿದ ಸರದಿಗಳು) ಮತ್ತು ವಾಕ್‌ಗಳ ಮೊತ್ತದಿಂದ ಭಾಗಿಸಿ. ಬೇಸ್ ಸೇರುವ ಗುಣ, ಮುಂದಕ್ಕೆ ತಳ್ಳುವ ಗುಣ, ಎರಡನ್ನೂ ಗುಣಿಸುವುದು ಇದರ ಹೂರಣ. ಮಗಳ ಕೈಯಲ್ಲಿ ಪೆನ್ಸಿಲ್ ಕೊಡಿ. ಅಕುನ್ಯಾ: 217 ಹಿಟ್, 80 ವಾಕ್, 383 ಒಟ್ಟು ಬೇಸ್, 643 ಅಟ್ ಬ್ಯಾಟ್. 297ನ್ನು 383ರಿಂದ ಗುಣಿಸಿ 723ರಿಂದ ಭಾಗಿಸಿದರೆ ಸುಮಾರು 157. ಓಲ್ಸನ್: 172 ಹಿಟ್, 104 ವಾಕ್, 367 ಒಟ್ಟು ಬೇಸ್, 608 ಅಟ್ ಬ್ಯಾಟ್. ಉತ್ತರ ಸುಮಾರು 142. ಬ್ಯಾಟಿನಿಂದಲೇ ಹದಿನೈದು ರನ್ನಿನ ಅಂತರ. ಓಲ್ಸನ್‌ಗೆ 13 ಹೋಮ್ ರನ್ ಹೆಚ್ಚಿದ್ದರೂ ಅಕುನ್ಯಾಗೆ 45 ಹಿಟ್ ಹೆಚ್ಚಿದ್ದವು.

ಇದಕ್ಕೆ ಕಳವುಗಳನ್ನು ಇನ್ನೂ ಸೇರಿಸಿಲ್ಲ. ಒಂದು ಬೇಸ್ ಕದ್ದರೆ ಸುಮಾರು 0.2 ರನ್ ಲಾಭ, ಸಿಕ್ಕಿಬಿದ್ದರೆ ಅದರ ಎರಡರಷ್ಟು ನಷ್ಟ. ಅಕುನ್ಯಾ ಕದ್ದದ್ದು 73, ಸಿಕ್ಕಿಬಿದ್ದದ್ದು 14. ನಿವ್ವಳ ಲಾಭ ಒಂಬತ್ತು ರನ್ ಆಸುಪಾಸು. 2023 ಕಳ್ಳರಿಗೆ ಸುಗ್ಗಿಯ ವರ್ಷ ಎನ್ನುವುದೂ ನಿಜ. ಬೇಸ್‌ಗಳ ಅಗಲ 15 ಇಂಚಿನಿಂದ 18 ಇಂಚಿಗೆ ಹಿಗ್ಗಿತು, ಓಟಗಾರನನ್ನು ಬೆದರಿಸಲು ಪಿಚರ್ ಮತ್ತೆ ಮತ್ತೆ ಬೇಸ್‌ಗೆ ಚೆಂಡೆಸೆಯುವುದಕ್ಕೆ ಮಿತಿ ಬಿತ್ತು. ನಿಯಮ ಎಲ್ಲರಿಗೂ ಒಂದೇ ಆಗಿದ್ದಾಗಲೂ 73 ಕದ್ದವನು ಒಬ್ಬನೇ.

ಆದ್ದರಿಂದ ನನ್ನ ತೀರ್ಪು ಅಕುನ್ಯಾ ಪರ, ಇಪ್ಪತ್ತಕ್ಕೂ ಹೆಚ್ಚು ರನ್ನುಗಳಿಂದ. ಆ ವರ್ಷದ ಅತ್ಯಮೂಲ್ಯ ಆಟಗಾರ ಪ್ರಶಸ್ತಿಗೆ ಮತ ಹಾಕಿದವರೆಲ್ಲರೂ ಅವನನ್ನೇ ಮೊದಲ ಸ್ಥಾನದಲ್ಲಿ ಬರೆದಿದ್ದರು; ಓಲ್ಸನ್ ನಾಲ್ಕನೆಯವನಾದ. 1985ರಿಂದ ಇಲ್ಲಿಗೆ ಮತದಾರರ ಕಣ್ಣು ಎಷ್ಟು ಬದಲಾಗಿದೆ ನೋಡಿ. ನಿಮ್ಮ ಓಲ್ಸನ್ ಪ್ರೀತಿಯನ್ನು ಬಿಡಿ ಎಂದು ನಾನು ಹೇಳುವುದಿಲ್ಲ. 162 ಪಂದ್ಯಗಳಲ್ಲಿ ಒಂದನ್ನೂ ತಪ್ಪಿಸದೆ 54 ಹೋಮ್ ರನ್ ಹೊಡೆದವನು, ಬ್ರೇವ್ಸ್ ಇತಿಹಾಸದಲ್ಲೇ ಅತಿ ಹೆಚ್ಚು.

ಇನ್ನು ಮಗಳ ದೂರು. ವಾಕ್‌ಗೆ ಆರ್‌ಬಿಐ ಕೊಟ್ಟದ್ದು ಸರಿ. ಬೇಸ್ ತುಂಬಿದ್ದಾಗ ವಾಕ್ ಪಡೆದರೆ ಮೂರನೆಯ ಬೇಸ್‌ನವಳು ಮನೆಗೆ ಬರಲೇಬೇಕು, ಆ ಒತ್ತಡ ತಂದವಳು ಬ್ಯಾಟ್ ಹಿಡಿದವಳು. ಕೆಟ್ಟ ಚೆಂಡುಗಳನ್ನು ಬಿಟ್ಟುಕೊಡುವುದೂ ಕೌಶಲವೇ. ಫೀಲ್ಡರ್ ತಪ್ಪಿನಿಂದ ರನ್ ಬಂದರೆ ಸಾಮಾನ್ಯವಾಗಿ ಆರ್‌ಬಿಐ ಇಲ್ಲ ಎನ್ನುವುದೂ ನಿಯಮವೇ. ಆದರೆ ಅಲ್ಲೊಂದು ಕಿಂಡಿಯಿದೆ. ಎರಡು ಔಟ್ ಆಗಿರದಿದ್ದು, ತಪ್ಪು ನಡೆಯದಿದ್ದರೂ ಮೂರನೆಯ ಬೇಸ್‌ನವಳು ಮನೆ ಸೇರುತ್ತಿದ್ದಳು ಎಂದು ಸ್ಕೋರರ್‌ಗೆ ಅನ್ನಿಸಿದರೆ ಆರ್‌ಬಿಐ ಕೊಡಬೇಕು. ಹಾಗಾಗಿ ಮಗಳನ್ನು ಎರಡು ಮಾತು ಕೇಳಿ: ಆಗ ಎಷ್ಟು ಔಟ್ ಆಗಿದ್ದವು? ಚೆಂಡು ಹೋದದ್ದು ಪಿಚರ್ ಕಡೆಗೋ, ದೂರದ ಔಟ್‌ಫೀಲ್ಡಿಗೋ? ಒಂದೇ ಔಟ್ ಆಗಿತ್ತು, ಚೆಂಡು ಎತ್ತರಕ್ಕೆ ಹಾರಿ ಆಳದ ಔಟ್‌ಫೀಲ್ಡಿನಲ್ಲಿ ಕೈತಪ್ಪಿತು ಎಂದರೆ, ಕ್ಯಾಚ್ ಹಿಡಿದಿದ್ದರೂ ಗೆಳತಿ ಓಡಿ ಬರುತ್ತಿದ್ದಳು. ಹಾಗಿದ್ದರೆ ಸ್ಕೋರರ್ ಹತ್ತಿರ ಹೋಗಿ ವಿನಯದಿಂದ ಕೇಳಬಹುದು. ಹ್ಯಾಕ್ ವಿಲ್ಸನ್‌ಗೆ ಬಂದದ್ದು ಅರವತ್ತೊಂಬತ್ತು ವರ್ಷದ ಮೇಲೆ, ಅವಳ ಹಾಳೆಯಲ್ಲಿ ಶಾಯಿ ಇನ್ನೂ ಆರಿರಲಿಕ್ಕಿಲ್ಲ.